ಮೊಳೆ ಬಿಟ್ಟು ಕದಲದ ಚಿತ್ರ

ಹಾಲೆಂಡಿನ ಡೆವೆಂಟರ್ ರೈಲ್ವೆ ಸ್ಟೇಷನ್ನಿನ ವಿಚಾರಣೆ ಕಿಟಕಿಯ ಹಿಂದೆ ಅಲೈಡಾ ಮೂವತ್ನಾಲ್ಕು ವರ್ಷ ಕೂತಿದ್ದಳು. ಪ್ಯಾರಿಸ್ಸಿಗೆ ಹೋಗುವವರು ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಬುಟ್ಟಿಯಲ್ಲಿರುವ ಬೆಕ್ಕಿಗೆ ಟಿಕೆಟ್ ಬೇಕೋ ಬೇಡವೋ, ವಿಯೆನ್ನಾ ಗಾಡಿ ತಪ್ಪಿದರೆ ಮುಂದಿನದು ಎಷ್ಟಕ್ಕೆ, ಎಲ್ಲವೂ ಅವಳಿಗೆ ಬಾಯಿಪಾಠ. ಊರಿನ ಅರ್ಧ ಜನ ಅವಳು ಬರೆದುಕೊಟ್ಟ ಚೀಟಿ ಹಿಡಿದು ಯುರೋಪು ಸುತ್ತಿ ಬಂದವರು. ಅವಳು ಮಾತ್ರ ಗಡಿ ದಾಟಿದ್ದು ಜರ್ಮನಿಯಿಂದ ಅಗ್ಗದ ಸೋಪಿನ ಪುಡಿ ತರುವುದಕ್ಕೆ.

ನಾನು ಟ್ರೂಸ್, ಅವಳ ಕೆಳಗಿನ ಮನೆಯವಳು. ಊರಲ್ಲಿ ಉಣ್ಣೆ ನೂಲಿನ ಅಂಗಡಿ ನಡೆಸಿ, ವಯಸ್ಸಾಯಿತೆಂದು ಮುಚ್ಚಿದವಳು. ಇಬ್ಬರೂ ಒಂದೇ ಚರ್ಚಿನ ಗಾಯನ ಮೇಳದಲ್ಲಿ, ಹಿಂದಿನ ಸಾಲಿನಲ್ಲಿ, ಅಕ್ಕಪಕ್ಕ ನಿಂತು ಹಾಡುತ್ತಿದ್ದೆವು. ನನ್ನ ನಾಲಿಗೆಗೆ ಎಲುಬಿಲ್ಲ ಅಂತ ತೀರಿಹೋದ ಗಂಡ ಹೇಳುತ್ತಿದ್ದ. ಆಗ ಜಗಳ ಆಡುತ್ತಿದ್ದೆ, ಈಗ ಒಪ್ಪುತ್ತೇನೆ. ಅಲೈಡಾಳ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತೆ. ಆದರೆ ನನ್ನ ತಪ್ಪನ್ನು ಬಿಟ್ಟು ಅವಳ ಕತೆ ಬರೆಯುವುದಕ್ಕೆ ಆಗುವುದಿಲ್ಲ.

ಅವಳಿಗೆ ಒಬ್ಬಳು ಅಕ್ಕ, ಫೆನ್ನಾ. ಆರು ವರ್ಷ ದೊಡ್ಡವಳು, ಮದುವೆಯಾಗಲಿಲ್ಲ, ನದಿಯಾಚೆ ಪ್ರಾಥಮಿಕ ಶಾಲೆಯಲ್ಲಿ ನಲವತ್ತು ವರ್ಷ ಚಿತ್ರ ಬಿಡಿಸುವುದನ್ನು ಕಲಿಸಿದವಳು. ಇಬ್ಬರ ನಡುವೆ ಮಾತು ಹೇಗಿತ್ತೆಂದರೆ, ಫೆನ್ನಾ ಹೇಳುವುದು, ಅಲೈಡಾ ಹೂಂಗುಟ್ಟುವುದು. ತಂಗಿ ಹುಡುಗಿಯಾಗಿದ್ದಾಗ ಕೆಂಪು ಟೋಪಿ ಹಾಕಿಕೊಂಡು ಬೀದಿಗೆ ಇಳಿದರೆ ಅಕ್ಕ ಹೇಳುತ್ತಿದ್ದಳಂತೆ: "ಎಲ್ಲರ ಹಾಗೆ ಇರೇ. ಅದೇ ಬೇಕಾದಷ್ಟು ಹುಚ್ಚುತನ." ಇದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತೇ. ಆದರೆ ಅಲೈಡಾ ಅದನ್ನು ಮೈಗೇ ಹೊಲಿದುಕೊಂಡುಬಿಟ್ಟಿದ್ದಳು. ಮತ್ತೆ ಕೆಂಪು ಬಟ್ಟೆ ತೊಡಲಿಲ್ಲ, ಯಾವುದಕ್ಕೂ ಮುಂದೆ ಬರಲಿಲ್ಲ.

ಫೆನ್ನಾಳ ತರಗತಿಯ ಗೋಡೆಯ ಮೇಲೆ ಒಂದು ಚಿತ್ರದ ಅಚ್ಚುಪ್ರತಿ ತೂಗುತ್ತಿತ್ತು. ಹೆಪ್ಪುಗಟ್ಟಿದ ನದಿ, ಅದರ ಮೇಲೆ ಜಾರುವ ಜನ, ಬಲಗಡೆ ಬುಟ್ಟಿ ಹಿಡಿದ ಒಬ್ಬ ಹೆಂಗಸು. ಅವಳು ತಿರುಗಿ ಏನನ್ನೋ ನೋಡುತ್ತಿದ್ದಾಳೆ. ಏನನ್ನು ಅಂತ ಗೊತ್ತಿಲ್ಲ, ಯಾಕೆಂದರೆ ಶಾಲೆಯ ಜವಾನ ಚೌಕಟ್ಟಿಗೆ ಕೂರಿಸುವಾಗ ಬಲಗಡೆಯ ಅಂಚನ್ನು ನಾಲ್ಕು ಬೆರಳಷ್ಟು ಕತ್ತರಿಸಿ ಎಸೆದಿದ್ದ. ಪ್ರತಿ ವರ್ಷದ ಮಕ್ಕಳೂ ಕೇಳುತ್ತಿದ್ದರು: ಟೀಚರ್, ಅಲ್ಲಿ ಏನಿದೆ? ನಾಯಿ ಅಂದವರುಂಟು, ದೆವ್ವ ಅಂದವರುಂಟು, ಕುಡಿದು ಬಿದ್ದ ಗಂಡ ಅಂದವರೂ ಉಂಟು. ಫೆನ್ನಾ ಹೇಳುತ್ತಿದ್ದದ್ದು ಒಂದೇ, "ನಿಜವಾದ ಚಿತ್ರ ವಿಯೆನ್ನಾದಲ್ಲಿದೆ. ಒಂದು ದಿನ ಅದರ ಮುಂದೆ ನಿಂತು ನೋಡಿ ಬಂದು ಹೇಳ್ತೀನಿ." ಯಾರೋ ಹಳೆಯ ವಿದ್ಯಾರ್ಥಿ ಫೋನಿನಲ್ಲಿ ತೋರಿಸುತ್ತೇನೆ ಅಂದಾಗ ಅವಳು ಕೈಯಿಂದ ಕಣ್ಣು ಮುಚ್ಚಿಕೊಂಡಳು. "ಬೆರಳಗಲದಲ್ಲಿ ನೋಡೋಕೆ ಇಷ್ಟು ವರ್ಷ ಕಾದೆನಾ?" ಅಂದಳು.

ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವಳ ಎಡಗಣ್ಣಿನ ನಡುಭಾಗ ಮಸುಕಾಯಿತು. ಕಣ್ಣಿನ ಡಾಕ್ಟರು ಸೂಜಿ ಚುಚ್ಚಿ ಚುಚ್ಚಿ ನೋಡಿ, ಬಲಗಣ್ಣಿಗೂ ಹೀಗೇ ಆಗಬಹುದು, ಯಾವಾಗ ಅಂತ ಹೇಳಲಾಗದು, ನೋಡಬೇಕಾದ್ದನ್ನು ಈ ವರ್ಷವೇ ನೋಡಿಬಿಡಿ ಅಂದರು. ಅದು ಜನವರಿ. ಫೆನ್ನಾ ಅಂದೇ ಸಂಜೆ ತಂಗಿಯ ಮನೆಗೆ ಬಂದು, ಕೋಟು ಬಿಚ್ಚುವ ಮೊದಲೇ ಹೇಳಿದಳು, "ಊರಿಗೆಲ್ಲ ದಾರಿ ಬರೆದುಕೊಟ್ಟೆಯಲ್ಲಾ, ಈಗ ನನಗೊಂದು ಬರೆದುಕೊಡು. ನೀನೂ ಬಾ."

ಅಲೈಡಾ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಊಟದ ಮೇಜಿನ ಮೇಲೆ ಎರಡು ತಿಂಗಳು ಊಟಕ್ಕೇ ಜಾಗವಿರಲಿಲ್ಲ. ಬರ್ಲಿನ್, ಡ್ರೆಸ್ಡೆನ್, ವಿಯೆನ್ನಾ, ಫ್ಲಾರೆನ್ಸ್, ಪ್ಯಾರಿಸ್. ಐದು ಊರು, ಹತ್ತೊಂಬತ್ತು ದಿನ. ಸೋಮವಾರ ಬಹಳ ಮ್ಯೂಸಿಯಂಗಳ ಬಾಗಿಲು ಮುಚ್ಚಿರುತ್ತದೆ, ಹಾಗಾಗಿ ಸೋಮವಾರಗಳನ್ನೆಲ್ಲ ರೈಲಿಗೆ ಕೊಟ್ಟಳು. ಪ್ಯಾರಿಸ್ಸಿನ ದೊಡ್ಡದಕ್ಕೆ ಮಂಗಳವಾರ ರಜೆ, ಅದಕ್ಕಾಗಿ ಅಲ್ಲಿಗೆ ಬುಧವಾರ ಮುಟ್ಟುವ ಹಾಗೆ ಇಡೀ ಪ್ರಯಾಣವನ್ನು ಒಂದು ದಿನ ಹಿಂದಕ್ಕೆ ಜರುಗಿಸಿದಳು. ಯಾವ ಮ್ಯೂಸಿಯಮ್ಮಿನಲ್ಲಿ ಮೆಟ್ಟಿಲು ಎಷ್ಟು, ಲಿಫ್ಟು ಎಲ್ಲಿ, ಕೂರುವ ಬೆಂಚು ಯಾವ ಕೋಣೆಯಲ್ಲಿ ಎಂದು ಪತ್ರ ಬರೆದು ಕೇಳಿದಳು. ಒಂದು ದಿನಕ್ಕೆ ಒಂದೇ ಮ್ಯೂಸಿಯಂ, ಒಂದು ಮ್ಯೂಸಿಯಮ್ಮಿಗೆ ಹನ್ನೆರಡೇ ಚಿತ್ರ. "ಅದಕ್ಕಿಂತ ಜಾಸ್ತಿ ನೋಡಿದ್ರೆ ಎಲ್ಲಾ ಕಲಸಿ ಹಿಟ್ಟಾಗುತ್ತೆ" ಅನ್ನುತ್ತಿದ್ದಳು. ಮೂರನೆಯವಳಾಗಿ, ಚೀಲ ಹೊರುವುದಕ್ಕೆ, ನನ್ನನ್ನೂ ಸೇರಿಸಿಕೊಂಡರು.

ಹೊರಡುವುದು ಮೇ ನಾಲ್ಕು. ನಮ್ಮಲ್ಲಿ ಮನೆಯವರ ಹುಟ್ಟುಹಬ್ಬಗಳ ಕ್ಯಾಲೆಂಡರು ಶೌಚಾಲಯದ ಗೋಡೆಯ ಮೇಲೆ ತೂಗುತ್ತದೆ. ಕೂತಾಗ ಬೇರೇನು ಕೆಲಸ, ನೋಡಿ ನೆನಪಿಟ್ಟುಕೊಳ್ಳಲಿ ಅಂತ. ಅದರಲ್ಲಿ ವಾರಗಳಿಲ್ಲ, ಬರೀ ತಾರೀಖು, ವರ್ಷ ವರ್ಷವೂ ಅದೇ. ಅಲೈಡಾ ಅದರಲ್ಲಿ ಮೇ ನಾಲ್ಕರ ಎದುರು ಶಾಯಿಯಲ್ಲಿ "ಬರ್ಲಿನ್" ಅಂತ ಬರೆದಳು. ಶಾಯಿಯಲ್ಲಿ ಬರೆದದ್ದನ್ನು ನಮ್ಮವರು ಸಾವಾದರೆ ಮಾತ್ರ ಬದಲಾಯಿಸುತ್ತಾರೆ.

ಮಾರ್ಚಿನಲ್ಲಿ ಮೇಳದ ಮೇಷ್ಟ್ರು, ಐವತ್ತನೇ ವರ್ಷದ ದೊಡ್ಡ ಕಾರ್ಯಕ್ರಮ ಮೇ ಹದಿನೇಳಕ್ಕೆ ಅಂದರು. ನಮ್ಮ ಪ್ರಯಾಣದ ನಡುವೆಯೇ ಬೀಳುವ ದಿನ. ಆಮೇಲೆ ಹಿಂದಿನ ಸಾಲಿನ ಕಡೆ ಕೈ ಚಾಚಿ, "ಒಂಟಿಯಾಗಿ ಹಾಡೋ ಎಂಟು ಸಾಲು, ಅಲೈಡಾ, ನೀವು" ಅಂದರು. ಮೂವತ್ತೊಂದು ವರ್ಷದಲ್ಲಿ ಯಾರೂ ಅವಳನ್ನು ಒಂಟಿಯಾಗಿ ಹಾಡು ಅಂದಿರಲಿಲ್ಲ. ಅವಳು ಕೆಂಪಗಾಗಿ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಅಲೈಡಾ ಇದ್ದಾಳಾ ಅಂತ.

ಮನೆಗೆ ಬರುವಾಗ ಸೇತುವೆಯ ಮೇಲೆ ಸೈಕಲ್ಲಿನಿಂದ ಇಳಿದು ನಿಂತುಬಿಟ್ಟಳು. "ಟ್ರೂಸ್, ನನಗೆ ಹಾಡಬೇಕು ಅನ್ನಿಸ್ತಿದೆ ಕಣೇ."

"ಹಾಡು. ಯಾರು ಬೇಡ ಅಂದ್ರು?"

"ಫೆನ್ನಾಗೆ ಏನಂತ ಹೇಳಲಿ? ಎಂಟು ಸಾಲು ಹಾಡಿ ಮೆರೀಬೇಕು, ನಿನ್ನ ಕಣ್ಣು ಕಾಯಲಿ ಅಂತಲಾ?"

ಇಲ್ಲಿದೆ ನೋಡಿ ನನ್ನ ಪಾಲು. ನಾವು ಮುಖದ ಮೇಲೆ ಹೊಡೆದ ಹಾಗೆ ಮಾತಾಡುವ ಜನ. ನೆಂಟರಿಗೆ, ಇವತ್ತು ನೀವು ಬರೋದು ಬೇಡ, ನನಗೆ ಮನಸ್ಸಿಲ್ಲ ಅಂತ ಹೇಳಿ ಬಾಗಿಲು ಹಾಕಿಕೊಳ್ಳುತ್ತೇವೆ. ಅವರು ಬೇಜಾರೂ ಮಾಡಿಕೊಳ್ಳುವುದಿಲ್ಲ. ಆದರೆ ನಾನು ನಾಲ್ಕು ಜನರ ಮುಂದೆ ನಿಂತು ಮಿಂಚಬೇಕು ಅನ್ನುವ ಒಂದು ಮಾತು ಮಾತ್ರ ನಮ್ಮ ಗಂಟಲಿನಿಂದ ಹೊರಡುವುದಿಲ್ಲ. ಅಲೈಡಾಳ ಗಂಟಲಿನಿಂದಂತೂ ಸುತರಾಂ ಇಲ್ಲ. ನನಗೆ ಚಳಿ ಹಿಡಿಯುತ್ತಿತ್ತು, ಮನೆಗೆ ಹೋಗಬೇಕಿತ್ತು. ಯೋಚನೆ ಮಾಡದೆ ಹೇಳಿದೆ:

"ಅಯ್ಯೋ, ವಿಯೆನ್ನಾದ ಚಿತ್ರನ ತೊಳೆದು ಸರಿ ಮಾಡೋಕೆ ಗೋಡೆಯಿಂದ ಇಳಿಸಿದ್ದಾರೆ, ಪತ್ರ ಬಂತು ಅನ್ನು. ಮುಗೀತಲ್ಲ!"

"ಎರಡು ವಾರ ಆಮೇಲೆ ಹೋಗೋಣ ಅನ್ನಲಾ?"

"ಎರಡು ವಾರದಲ್ಲಿ ಚಿತ್ರ ತೊಳೆಯೋಕೆ ಅದೇನು ಪರದೆ ಬಟ್ಟೆನಾ? ಯಾರು ನಂಬ್ತಾರೆ? ಸೆಪ್ಟೆಂಬರ್ ತನಕ ಅನ್ನು. ಅಕ್ಟೋಬರಿಗೆ ಹೋಗೋಣ. ಚಿತ್ರಕ್ಕೇನು ಕಾಲಿದೆಯಾ ಓಡಿಹೋಗೋಕೆ?"

ಹಾಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. ಮರುದಿನ ಅಕ್ಕನಿಗೆ ಹಾಗೇ ಹೇಳಿದಳು. ಫೆನ್ನಾ, "ಆ ಚಿತ್ರ ಇಲ್ಲದೆ ಹೋಗಿ ಏನು ಮಾಡೋದು, ಅಕ್ಟೋಬರೇ ಆಗಲಿ" ಅಂದಳಂತೆ. ಕ್ಯಾಲೆಂಡರಿನಲ್ಲಿ ಮೇ ನಾಲ್ಕರ ಮೇಲೆ ಒಂದು ಗೆರೆ ಬಿತ್ತು.

ಮೇ ಹದಿನೇಳಕ್ಕೆ ಅಲೈಡಾ ಹಾಡಿದಳು. ಆ ಗಂಟಲಲ್ಲಿ ಅಷ್ಟೊಂದು ಇತ್ತು ಅಂತ ಪಕ್ಕದಲ್ಲೇ ಇಷ್ಟು ವರ್ಷ ನಿಂತ ನನಗೂ ತಿಳಿದಿರಲಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದ ಫೆನ್ನಾ ಎರಡು ಸಲ ಮೂಗು ಒರೆಸಿಕೊಂಡಳು. ಮುಗಿದ ಮೇಲೆ ಬಂದು, "ಪರವಾಗಿಲ್ಲ, ಕೆಟ್ಟದಾಗೇನೂ ಇರಲಿಲ್ಲ" ಅಂದಳು. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆಗಸ್ಟ್ ಹನ್ನೊಂದರ ಬೆಳಿಗ್ಗೆ ಫೆನ್ನಾಳ ಬಲಗಣ್ಣಿನೊಳಗೆ ರಕ್ತನಾಳ ಒಡೆಯಿತು.

ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ನಡುವಿನ ನೋಟ ಹೋಯಿತು, ಅಂಚು ಉಳಿಯಿತು. "ಏನನ್ನ ನೋಡಿದ್ರೂ ನಡುವೆ ಯಾರೋ ಹೆಬ್ಬೆಟ್ಟು ಒತ್ತಿದ ಹಾಗಿದೆ. ನಿನ್ನ ಕಿವಿ ಕಾಣುತ್ತೆ ಅಲೈಡಾ, ಮೂಗಿಲ್ಲ. ಮೊದಲಿಗಿಂತ ಚೆನ್ನಾಗೇ ಇದ್ದೀಯ" ಅಂತ ನಕ್ಕಳು. ಅಲೈಡಾ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.  ನನ್ನ ಕಡೆ ತಿರುಗಿ, ಇದು ನಿನ್ನಿಂದ ಅಂತ ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಪ್ರಯಾಣ ರದ್ದು ಮಾಡೋಣವೆಂದು ಅಲೈಡಾ ಅಂದದ್ದಕ್ಕೆ ಫೆನ್ನಾ ಸಿಟ್ಟಾದಳು. "ಅಂಚು ಇನ್ನೂ ಇದೆಯಲ್ಲ. ನನಗೆ ಬೇಕಾಗಿರೋದೂ ಆ ಚಿತ್ರದ ಅಂಚೇ." ಹಾಗಾಗಿ ಅಲೈಡಾ ಕೂತು ಹತ್ತೊಂಬತ್ತು ದಿನದ ಯೋಜನೆಯನ್ನೆಲ್ಲ ಆಲೂಗಡ್ಡೆ ಗಾತ್ರದ ಅಕ್ಷರಗಳಲ್ಲಿ ಮತ್ತೆ ಬರೆದಳು. ಆರು ಹಾಳೆ ಇದ್ದದ್ದು ಎಪ್ಪತ್ತು ಹಾಳೆ ಆಯಿತು. ಅಕ್ಕ ಕಣ್ಣನ್ನು ಓರೆ ಮಾಡಿ ಓದುತ್ತಿದ್ದಳು.

ಬರ್ಲಿನ್ನಿನ ಗಾಡಿ ಡೆವೆಂಟರಿನಲ್ಲೇ ನಿಲ್ಲುತ್ತದೆ. ಚೀಸ್ ಹಾಕಿದ ಬ್ರೆಡ್ಡು ಡಬ್ಬಿಗೆ ತುಂಬಿಕೊಂಡು, ನಮ್ಮೂರಿನ ಮಸಾಲೆ ಕೇಕು ಎರಡು ಕಟ್ಟಿಕೊಂಡು ಹತ್ತಿದೆವು. ಬರ್ಲಿನ್ನಿನ ಮ್ಯೂಸಿಯಮ್ಮಿನಲ್ಲಿ ಫೆನ್ನಾ ಪ್ರತಿ ಚಿತ್ರದ ಮುಂದೆಯೂ ಚಿತ್ರ ಬಿಟ್ಟು ಪಕ್ಕದ ಬರೀ ಗೋಡೆಯನ್ನು ದಿಟ್ಟಿಸುತ್ತಾ ನಿಲ್ಲುತ್ತಿದ್ದಳು. ಹಾಗೆ ನೋಡಿದರೆ ಮಾತ್ರ ಚಿತ್ರ ಓರೆಯಲ್ಲಿ ಕಣ್ಣಿಗೆ ಬೀಳುತ್ತಿತ್ತು. ಕಾವಲಿನವಳು ಅನುಮಾನದಿಂದ ಹಿಂದೆ ಹಿಂದೆ ಬಂದಳು. "ನಿಮ್ಮ ಗೋಡೆಗೆ ಬಣ್ಣ ಚೆನ್ನಾಗಿ ಹೊಡೆದಿದ್ದೀರಮ್ಮ" ಅಂತ ಫೆನ್ನಾ ಅವಳಿಗೇ ಹೇಳಿದಳು.

ಡ್ರೆಸ್ಡೆನ್ನಿಗೆ ಬರುವ ಹೊತ್ತಿಗೆ ಅಲೈಡಾಳ ಊಟ ನಿಂತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ, ಯಾರಾದರೂ ವಿಯೆನ್ನಾ ಅಂದರೆ ಬೆಚ್ಚುತ್ತಿದ್ದಳು. "ಫೆನ್ನಾ, ನಿನಗೆ ಸುಸ್ತಾಗಿದೆ, ವಿಯೆನ್ನಾ ಬಿಟ್ಟು ಸೀದಾ ಫ್ಲಾರೆನ್ಸಿಗೆ ಹೋಗಬಹುದು, ನಾನು ಗಾಡಿ ನೋಡಿದ್ದೀನಿ" ಅಂದಳು.

"ವಿಯೆನ್ನಾ ಬಿಡೋದಾದ್ರೆ ನಾನು ಮನೆ ಯಾಕೆ ಬಿಟ್ಟೆ?" ಅಂದಳು ಅಕ್ಕ.

ಹೋಟೆಲಿನ ಮೆಟ್ಟಿಲ ಮೇಲೆ ಅಲೈಡಾ ನನ್ನ ತೋಳು ಹಿಡಿದಳು. "ಅಲ್ಲಿ ಯಾರಾದ್ರೂ ಬಾಯಿ ಬಿಟ್ರೆ?"

"ಯಾರು ಕೇಳ್ತಾರೆ, ಯಾರು ಹೇಳ್ತಾರೆ? ಸುಮ್ಮನೆ ಮಲಗು" ಅಂದೆ. ಹೇಳಿಬಿಡು ಅಂತ ನಾನು ಅನ್ನಬಹುದಿತ್ತು. ನಾನೇ ಹೇಳಬಹುದಿತ್ತು. ಎರಡೂ ಮಾಡಲಿಲ್ಲ.

ವಿಯೆನ್ನಾದಲ್ಲಿ ಆ ಚಿತ್ರ ಇದ್ದದ್ದು ಹೆಸರುವಾಸಿ ಮ್ಯೂಸಿಯಮ್ಮಿನಲ್ಲಲ್ಲ, ಹಿಂದಿನ ಬೀದಿಯ ಒಂದು ಸಣ್ಣ ಸಂಗ್ರಹದಲ್ಲಿ. ಮೂರನೆಯ ಕೋಣೆ, ಬಾಗಿಲ ಬಲಕ್ಕೆ. ಬಾಗಿಲ ಬಳಿ ಕುರ್ಚಿಯಲ್ಲಿ ಬಿಳಿ ಮೀಸೆಯ ಕಾವಲುಗಾರ ಒಬ್ಬನೇ ಕೂತಿದ್ದ. ಫೆನ್ನಾ ಚಿತ್ರದ ಎದುರು ನಿಂತು, ಮುಖವನ್ನು ಪಕ್ಕದ ಗೋಡೆಯ ಕಡೆ ತಿರುಗಿಸಿದಳು.  

ಆಮೇಲೆ ಅವಳು ಮರ್ಯಾದೆಯ ಮಾತಿಗೆಂದು, ತನ್ನ ಶಾಲೆಯ ಜರ್ಮನ್ ಭಾಷೆಯಲ್ಲಿ, ಕಾವಲುಗಾರನನ್ನು ಕೇಳಿದಳು, "ತೊಳೆದ ಮೇಲೆ ಹೇಗೆ ಬಂದಿದೆ ಸ್ವಾಮಿ? ಬಣ್ಣ ಎದ್ದಿದೆಯಾ?"

"ಏನನ್ನ ತೊಳೆದದ್ದು?"

"ಇದನ್ನೇ. ಬೇಸಿಗೆಯಲ್ಲಿ ಇಳಿಸಿದ್ರಲ್ಲ."

ಅವನು ಎದ್ದು ನಿಂತು ನಕ್ಕ. "ಅಮ್ಮಾ, ನಾನು ಈ ಕೋಣೆಗೆ ಬಂದು ಹತ್ತೊಂಬತ್ತು ವರ್ಷ. ಇದು ಈ ಮೊಳೆ ಬಿಟ್ಟು ಕದಲಿಲ್ಲ. ನನಗಾದ್ರೂ ವರ್ಷಕ್ಕೊಂದು ರಜೆ ಸಿಗುತ್ತೆ, ಇದಕ್ಕೆ ಅದೂ ಇಲ್ಲ."

ಅಲೈಡಾಳ ಕೈಯಿಂದ ಎಪ್ಪತ್ತು ಹಾಳೆಯ ಕಡತ ಕೆಳಗೆ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಫೆನ್ನಾ ನಲವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವಳು. ಬೆಂಚು ತಡಕಿ ಕೂತಳು. ಲೆಕ್ಕ ಹಾಕುವುದಕ್ಕೆ ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಮೇ ಹದಿನೇಳು" ಅಂದಳು. "ನಿನ್ನ ಹಾಡು."

ಅಲೈಡಾ ನಿಂತೇ ಇದ್ದಳು. "ಹೌದು."

"ಹಾಡಬೇಕು ಅಂತ ಹೇಳೋಕೆ ಏನಾಗಿತ್ತೇ ನಿನಗೆ?"

"ಹೇಳಿದ್ರೆ ನೀನು ನಗ್ತಿದ್ದೆ."

"ನಗ್ತಿದ್ದೆ. ನಕ್ಕು, ಸರಿ ಹಾಡು, ಜೂನಲ್ಲಿ ಹೋಗೋಣ ಅಂತಿದ್ದೆ." ಆಮೇಲೆ ಹೇಳಿದಳು, "ಜೂನಲ್ಲಿ ನನಗೆ ಕಣ್ಣಿತ್ತಲ್ಲೇ ಅಲೈಡಾ."

ಹಾಡಿಗೆ ಬೇಕಾಗಿದ್ದದ್ದು ಎರಡು ವಾರ. ಐದು ತಿಂಗಳು ಬೇಕಾಗಿದ್ದದ್ದು ಸುಳ್ಳಿಗೆ. ಆ ಐದು ತಿಂಗಳನ್ನು ಸೇತುವೆಯ ಮೇಲೆ ನಗುನಗುತ್ತಾ ಕೊಟ್ಟವಳು ನಾನು.

ಅಕ್ಕ ಮುಖ ಎತ್ತಿ ತಂಗಿ ಇದ್ದ ಕಡೆ ತಿರುಗಿಸಿದಳು. "ತೊಳೆಯೋಕೆ ಇಳಿಸಿದ್ದಾರೆ, ಪತ್ರ ಬಂತು... ಇಷ್ಟು ನಾಜೂಕಾದ ಸುಳ್ಳು ನಿನ್ನ ತಲೇಲಿ ಹುಟ್ಟೋದಲ್ಲ. ಯಾರು ಹೇಳಿಕೊಟ್ಟಿದ್ದು?"

ಅಲೈಡಾ ನನ್ನ ಕಡೆ ನೋಡಿದಳು. ಒಂದು ಕ್ಷಣ ಅಷ್ಟೆ. ನಾನು ನನ್ನ ಬೂಟು ನೋಡುತ್ತಿದ್ದೆ.

"ಯಾರೂ ಇಲ್ಲ, ಫೆನ್ನಾ. ನನ್ನ ತಲೆಯೇ."

ಅವಳ ಬದುಕಿನಲ್ಲಿ ಇದು ಎರಡನೆಯ ಸುಳ್ಳು ಅಂತ ನಾನು ಆಣೆ ಇಟ್ಟು ಹೇಳಬಲ್ಲೆ. ಎರಡನೆಯದು ನನಗೋಸ್ಕರ.

ಫೆನ್ನಾ ಎದ್ದು ಮತ್ತೆ ಚಿತ್ರದ ಬಳಿ ಹೋದಳು, ಮೂಗು ತಾಗುವಷ್ಟು ಹತ್ತಿರ. ಕಾವಲುಗಾರ ತಡೆಯದೆ ಪಕ್ಕಕ್ಕೆ ಸರಿದ. ಕಣ್ಣನ್ನು ಎಡಕ್ಕೆ ಹೊರಳಿಸಿ, ಬಲಗಡೆಯ ಅಂಚನ್ನು ಹಿಡಿಯುವುದಕ್ಕೆ ಬಹಳ ಹೊತ್ತು ನೋಡಿದಳು.

"ಕಪ್ಪಗೆ ಏನೋ ಇದೆ. ಗಿಡ್ಡಗೆ. ಮಗು ಇರಬೇಕು, ಅಲ್ವಾ? ಹಿಂದೆ ಉಳಿದುಬಿಟ್ಟಿರೋ ಮಗು?"

ಅಲೈಡಾ ಹತ್ತಿರ ಹೋಗಿ ನೋಡಿದಳು. ಹೌದು, ಮಗು ಅಂದಿದ್ದರೆ ಅಕ್ಕನಿಗೆ ಸಂತೋಷವಾಗುತ್ತಿತ್ತು. 

"ಮಗು ಅಲ್ಲ. ಕಡಿದ ಮರದ ಬೊಡ್ಡೆ. ಅದರ ಮೇಲೆ ಒಂದಿಷ್ಟು ಹಿಮ. ಅಷ್ಟೇ ಇರೋದು."

ಫೆನ್ನಾ ತಲೆ ಆಡಿಸಲಿಲ್ಲ. ಗೋಡೆಯನ್ನೇ ನೋಡುತ್ತಾ ಕೈ ಹಿಂದಕ್ಕೆ ಚಾಚಿ ಕರೆದಳು:

"ಟ್ರೂಸ್, ನೀನು ಬಾ. ನೀನು ನೋಡಿ ಹೇಳು."

ನಾನು ಹೋಗಿ ನೋಡಿದೆ. ಬೊಡ್ಡೆಯೇ. "ಬೊಡ್ಡೆ ಫೆನ್ನಾ. ಅವಳು ಹೇಳಿದ್ದು ನಿಜ" ಅಂದೆ.

"ಹಾಗಾದ್ರೆ ಸರಿ" ಅಂದಳು. ತಕ್ಷಣ ನಂಬಿದಳು. ಅಲೈಡಾ ಬಗ್ಗಿ ಹಾಳೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವುಗಳ ಅನುಕ್ರಮಕ್ಕೆ ಜೋಡಿಸತೊಡಗಿದಳು.

ಫ್ಲಾರೆನ್ಸಿಗೂ ಹೋದೆವು, ಪ್ಯಾರಿಸ್ಸಿಗೂ ಹೋದೆವು. ಗಾಡಿ ಒಂದೂ ತಪ್ಪಲಿಲ್ಲ, ಬಾಗಿಲು ಎಲ್ಲೂ ಮುಚ್ಚಿರಲಿಲ್ಲ. ಅಂಥ ಯೋಜನೆ ಮಾಡುವವಳು ಮತ್ತೊಬ್ಬಳಿಲ್ಲ. ಊರಿಗೆ ಬಂದ ಮೇಲೆ ಅಲೈಡಾ ಮೇಳ ಬಿಟ್ಟಳು. ಮೇಷ್ಟ್ರು ಮನೆಗೇ ಬಂದು ಕರೆದರು, ಗಂಟಲು ಸರಿಯಿಲ್ಲ ಅಂದಳು. ಸರಿಯಾಗೇ ಇತ್ತು. ಮೊದಲೆಲ್ಲ ಪಾತ್ರೆ ತೊಳೆಯುತ್ತಾ ಹಾಡುತ್ತಿದ್ದಳು, ಈಗ ಬರೀ ಪಾತ್ರೆಯ ಸದ್ದು ನನಗೆ ಕೆಳಗಿನ ಮನೆಗೆ ಕೇಳಿಸುತ್ತದೆ.

ದಿನಾ ಸೈಕಲ್ಲಿನಲ್ಲಿ ನದಿ ದಾಟಿ ಹೋಗಿ ಅಕ್ಕನಿಗೆ ಸಾರು ಮಾಡಿಕೊಡುತ್ತಾಳೆ, ಬಟ್ಟೆ ಒಗೆಯುತ್ತಾಳೆ. ಫೆನ್ನಾ ಅವಳ ಮೇಲೆ ಎಂದೂ ಕೂಗಾಡಲಿಲ್ಲ. ಆದರೆ ಹಾಲಿನ ಪೊಟ್ಟಣದ ಮೇಲಿನ ತಾರೀಖಾಗಲಿ, ಡಾಕ್ಟರ ಪತ್ರವಾಗಲಿ, ಹೊರಗೆ ಮಳೆಯೋ ಬಿಸಿಲೋ ಅನ್ನುವುದಾಗಲಿ, ತಂಗಿ ಹೇಳಿದ್ದನ್ನೆಲ್ಲ ಕೇಳಿಕೊಂಡು, "ಗುರುವಾರ ಟ್ರೂಸ್ ಬರ್ತಾಳಲ್ಲ, ಅವಳನ್ನೂ ಕೇಳ್ತೀನಿ" ಅನ್ನುತ್ತಾಳೆ. ಅಲೈಡಾ ಹೂಂ ಅನ್ನುತ್ತಾಳೆ. ಅಲೈಡಾಳ ಶೌಚಾಲಯದ ಕ್ಯಾಲೆಂಡರಿನಲ್ಲಿ ಗೆರೆ ಎಳೆದ ಮೇ ನಾಲ್ಕು ಹಾಗೇ ಇದೆ. ಅವಳ ಮನೆಗೆ ಕಾಫಿಗೆ ಹೋದರೆ ನಾನು ಆ ಕಡೆ ಹೋಗದೆ ತಡೆದುಕೊಂಡು ಕೆಳಗೆ ಬರುತ್ತೇನೆ.

ಇದನ್ನು ಫೆನ್ನಾಳಿಗೆಂದೇ ಬರೆದದ್ದು. ಅವಳು ತಾನಾಗಿ ಓದಲಾರಳು. ಗುರುವಾರ ಗುರುವಾರ ಅವಳ ಮನೆಗೆ ಹೋಗಿ ಪೇಪರು, ಕಾಗದ ಓದಿ ಹೇಳುವ ಕೆಲಸ ಈಗ ನನ್ನದೇ. ಅವಳಿಗೆ ನನ್ನ ಬಾಯಿಯ ಮೇಲೆ ನಂಬಿಕೆ. ಈ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಮೂರು ಗುರುವಾರ ಹೋಗಿದ್ದೇನೆ. ಮೂರು ಸಲವೂ ಪೇಪರು ಮಾತ್ರ ಓದಿ ಬಂದಿದ್ದೇನೆ.